ಸ್ಟುಡಿಯೋ ಕಂಪ್ಯೂಟರಿನಲ್ಲಿ ಲಿನಕ್ಸ್ ಕಲಿತದ್ದು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ನಮ್ಮದು ಅಂದರೆ ನಮ್ಮ ಯಜಮಾನರದು. ನಾನು ಅದೇ ಊರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಮಕ್ಕಳು ಬರುವ ಮುಂಚೆ ಕಂಪ್ಯೂಟರ್‌ಗಳನ್ನು ಆನ್ ಮಾಡುವುದು, ಕೆಟ್ಟ ಮೌಸ್ ಬದಲಿಸುವುದು, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪ್ರಿಂಟರ್ ಸತಾಯಿಸದಂತೆ ಕಾಯುವುದು, ಇಷ್ಟು ನನ್ನ ಕೆಲಸ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಸ್ಟುಡಿಯೋದಲ್ಲಿ ಒಂದೇ ಒಂದು. ಅದರಲ್ಲಿ ವಿಂಡೋಸ್ ಇತ್ತು. ಅದರ ಹೊಟ್ಟೆಯೊಳಗೆ ಸುತ್ತಮುತ್ತಲ ಊರುಗಳ ಮದುವೆ, ಸೀಮಂತ, ನಾಮಕರಣಗಳೆಲ್ಲ ಇದ್ದವು.

ಆ ಕಂಪ್ಯೂಟರಿನ ವಿಷಯದಲ್ಲಿ ನಾವಿಬ್ಬರೂ ಒಮ್ಮೆ ಪೆಟ್ಟು ತಿಂದವರು. ಕೆಲವು ವರ್ಷಗಳ ಹಿಂದೆ ಯಾರೋ ಫೋನ್ ಮಾಡಿ, ನಿಮ್ಮ ಸಿಸ್ಟಮ್‌ಗೆ ವೈರಸ್ ಬಂದಿದೆ, ಇಲ್ಲಿಂದಲೇ ಸರಿ ಮಾಡಿಕೊಡುತ್ತೇವೆ ಎಂದು ಒಳ್ಳೆ ಕನ್ನಡದಲ್ಲಿ, ತುಂಬ ಮರ್ಯಾದೆಯಿಂದ ಹೇಳಿದ. ಅವನು ಹೇಳಿದ್ದನ್ನು ನಮ್ಮ ಯಜಮಾನರು ಕಂಪ್ಯೂಟರಿಗೆ ಇಳಿಸಿಕೊಂಡರು. ನಾವಿಬ್ಬರೂ ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಾಗೆಯೇ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡಿತು. ಅದಾದ ಮೇಲೆ ಒಂದಷ್ಟು ಫೋಲ್ಡರ್‌ಗಳು ತೆರೆಯಲೇ ಇಲ್ಲ. ಬೇಗೂರಿನ ಒಂದು ಮನೆಯವರ ಮದುವೆ ಫೋಟೋಗಳು ಅದರಲ್ಲಿ ಹೋದವು. ಮದುಮಗಳ ತಂದೆ ಮದುವೆಯಾದ ತಿಂಗಳೊಪ್ಪತ್ತಿಗೆ ತೀರಿಕೊಂಡಿದ್ದರು. ಅವರು ಪೇಟ ಕಟ್ಟಿಕೊಂಡು ನಗುತ್ತ ನಿಂತಿದ್ದ ಫೋಟೋ ಬೇರೆಲ್ಲೂ ಇರಲಿಲ್ಲ. ನಮ್ಮವರು ಆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ವಿಷಯ ಹೇಳಿ ಬಂದರು. ಅಲ್ಲಿ ಏನಾಯಿತು ಎಂದು ನನಗೆ ಇವತ್ತಿಗೂ ಪೂರ್ತಿ ಹೇಳಿಲ್ಲ. ಅಂದಿನಿಂದ ಪರಿಚಯವಿಲ್ಲದ ನಂಬರಿನ ಫೋನ್ ಎತ್ತುವುದು ನಿಂತಿತು. ಗಿರಾಕಿಗಳು ತಂದ ಪೆನ್‌ಡ್ರೈವನ್ನು ಇವರು ಹಾವಿನ ಮರಿ ಹಿಡಿದಂತೆ ಹಿಡಿಯುತ್ತಿದ್ದರು.

ಹೀಗಿರುವಾಗ ಕಾಲೇಜಿನಲ್ಲಿ ಒಂದು ಸುದ್ದಿ ಬಂತು. ಮುಂದಿನ ವರ್ಷದಿಂದ ಲ್ಯಾಬಿಗೆ ಬರುವ ಹೊಸ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಇರುವುದಿಲ್ಲ, ಲಿನಕ್ಸ್ ಇರುತ್ತದೆ, ನೋಡಿಕೊಳ್ಳುವವರು ಈಗಿನಿಂದಲೇ ಕಲಿತುಕೊಳ್ಳಬೇಕು ಎಂದು. ಚಾಮರಾಜನಗರದಲ್ಲಿ ಒಂದು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ನನಗೆ ಮೊದಲು ಬಂದ ಯೋಚನೆ, ಇದು ನನ್ನನ್ನು ಕೆಲಸದಿಂದ ತೆಗೆಯಲು ಹೂಡಿದ ಉಪಾಯ ಇರಬಹುದೇ ಅಂತ. ಲಿನಕ್ಸ್ ಗೊತ್ತಿರುವ ಯಾರನ್ನೋ ಆಗಲೇ ನೋಡಿಟ್ಟಿದ್ದಾರೆ, ನೆಪಕ್ಕೆ ನನ್ನನ್ನು ತರಬೇತಿಗೆ ಕಳಿಸುತ್ತಿದ್ದಾರೆ ಎಂದು ಬಸ್ಸಿನ ಉದ್ದಕ್ಕೂ ಅನ್ನಿಸುತ್ತಿತ್ತು.

ಪಾಠ ಹೇಳಲು ಬಂದವರು ಅರವತ್ತು ದಾಟಿದ ಒಬ್ಬ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಆಯಸ್ಸು ಕೆಲಸ ಮಾಡಿ ನಿವೃತ್ತಿಯಾದವರು. ಹುಟ್ಟಿದ್ದು ಉಮ್ಮತ್ತೂರು, ಈಗ ಇರುವುದು ಚಾಮರಾಜನಗರ. ಆ ಕಾಲದ ಎಕ್ಸ್‌ಚೇಂಜ್ ಯಂತ್ರಗಳಿಗೆ ಚಿತ್ರವೂ ಇರಲಿಲ್ಲ, ಮೌಸೂ ಇರಲಿಲ್ಲ, ಕಪ್ಪು ಪರದೆಯ ಮೇಲೆ ಅಕ್ಷರ ಹೊಡೆದೇ ಅವುಗಳ ಜೊತೆ ಮಾತಾಡಬೇಕಿತ್ತು ಎಂದರು. ಊಟದ ಬಿಡುವಿನಲ್ಲಿ ನಾನು ಅವರ ಹತ್ತಿರ ಹೋಗಿ, ಲ್ಯಾಬಿನ ಕಂಪ್ಯೂಟರ್‌ಗಳಿಗೆ ಹೊಸದೇನೂ ಹಾಕುವಂತಿಲ್ಲ, ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಇದೆ, ಅದನ್ನು ಅಳಿಸದೆ, ಯಾರಿಗೂ ಗೊತ್ತಾಗದ ಹಾಗೆ ಲಿನಕ್ಸ್ ಕಲಿಯಬಹುದೇ ಎಂದು ಕೇಳಿದೆ. ಯಾರಿಗೂ ಅಂದರೆ ಯಜಮಾನರಿಗೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಯಾವ ವಿಂಡೋಸ್, ಮೆಮೊರಿ ಎಷ್ಟು, ಕಂಪ್ಯೂಟರ್ ಎಲ್ಲಿದೆ, ಅದನ್ನು ಇನ್ಯಾರು ಬಳಸುತ್ತಾರೆ, ಒಳಗೆ ಏನೇನಿದೆ, ಒಂದೊಂದನ್ನೇ ಕೇಳಿ ಬರೆದುಕೊಂಡರು. "ಭಾನುವಾರ ನಮ್ಮನೆಗೆ ಬಾ. ಹೇಳ್ಕೊಡ್ತೀನಿ. ಏನೂ ಕೊಡದು ಬ್ಯಾಡ," ಎಂದರು.

ಪುಕ್ಕಟೆಯಾಗಿ ಯಾರು ಯಾಕೆ ಹೇಳಿಕೊಡುತ್ತಾರೆ? ನಮ್ಮ ಕಂಪ್ಯೂಟರಿನ ಜಾತಕ ಇವರಿಗೆ ಯಾಕೆ ಬೇಕು? ಅದನ್ನು ಬರೆದಿಟ್ಟುಕೊಳ್ಳುವುದು ಯಾಕೆ? ಊರಿಗೆ ಬರುವ ದಾರಿಯಲ್ಲಿ ಇದೇ ನನ್ನ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಆದರೂ ಭಾನುವಾರ ಹೋದೆ. ಕೆಲಸ ಉಳಿಯಬೇಕಲ್ಲ.

ಅವರ ಮನೆ ಚಿಕ್ಕದು. ಮುಂದಿನ ಕೋಣೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಗೋಡೆಗೆ ಎಕ್ಸ್‌ಚೇಂಜಿನಲ್ಲಿ ತೆಗೆಸಿಕೊಂಡ ಒಂದು ಗುಂಪು ಫೋಟೋ. ಮೊದಲ ದಿನ ಅವರು ನಮ್ಮ ಕಂಪ್ಯೂಟರಿಗೆ ಏನನ್ನೂ ಹಾಕಲು ಹೇಳಲಿಲ್ಲ. ಇಂಟರ್‌ನೆಟ್ಟಿನಲ್ಲಿ ಕೆಲವು ಜಾಲತಾಣಗಳಿವೆ, ತೆರೆದರೆ ಆ ಪುಟದೊಳಗೇ ಲಿನಕ್ಸಿನ ಕಪ್ಪು ಪರದೆ ಬರುತ್ತದೆ, ಅಲ್ಲಿ ಏನು ಹೊಡೆದರೂ ಅದು ಎಲ್ಲೋ ದೂರದ ಯಂತ್ರದಲ್ಲಿ ನಡೆಯುತ್ತದೆ, ಪುಟ ಮುಚ್ಚಿದರೆ ಎಲ್ಲ ಮಾಯ ಎಂದು ತೋರಿಸಿದರು. "ನಿಂಗೆ ಭಯ ಇರೋಗಂಟ ಇದ್ರಲ್ಲೇ ಇರು," ಎಂದರು.

ಹಾಗೆ ಕೆಲವು ವಾರ ಸ್ಟುಡಿಯೋದಲ್ಲಿ ಇವರು ಊಟಕ್ಕೆ ಹೋದ ಹೊತ್ತಿನಲ್ಲಿ ಅಭ್ಯಾಸ ಮಾಡಿದೆ. ಎಲ್‌ಎಸ್ ಎಂದು ಹೊಡೆದರೆ ಅಲ್ಲಿ ಏನೇನಿದೆ ಎಂದು ತೋರಿಸುತ್ತದೆ. ಸಿಡಿ ಎಂದರೆ ಇನ್ನೊಂದು ಫೋಲ್ಡರಿಗೆ ಹೋಗುವುದು. ಒಂದು ಭಾನುವಾರದ ಪಾಠದಲ್ಲಿ ಪಿಡಬ್ಲ್ಯುಡಿ ಎಂದಾಗ ನನಗೆ ರಸ್ತೆಯ ಇಲಾಖೆ ನೆನಪಾಗಿ ನಗು ಬಂತು. "ನಗಬ್ಯಾಡ. ನೀ ಎಲ್ಲಿ ನಿಂತಿದ್ದೀಯ ಅಂತ ಹೇಳೋದು ಅದೊಂದೇ. ಏನ್ ಮಾಡೋಕೂ ಮುಂಚೆ ಅದ್ನ ಕೇಳ್ಬುಟ್ಟು ಮಾಡು," ಎಂದರು ಅಕ್ಕ. ಅಷ್ಟು ಹೊತ್ತಿಗೆ ಮೇಡಂ ಹೋಗಿ ಅಕ್ಕ ಎಂದು ಕರೆಯುತ್ತಿದ್ದೆ. ಬಾಯಲ್ಲಿ ಅಕ್ಕ ಎಂದರೂ ಒಳಗೆ ಅನುಮಾನ ಹಾಗೇ ಇತ್ತು. ಪ್ರತಿ ಭಾನುವಾರ ನಾನು ಏನು ಕೇಳಿದೆ, ತಾವು ಏನು ಹೇಳಿಕೊಟ್ಟರು ಎಂದು ಆ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯುತ್ತಿದ್ದರು. ನಾನು ಬಗ್ಗಿ ನೋಡಿದರೆ ಮುಚ್ಚಿಬಿಡುತ್ತಿದ್ದರು.

ಇಂಟರ್‌ನೆಟ್ ಪುಟದಲ್ಲಿ ಕಲಿಯುವುದಕ್ಕೆ ಒಂದು ಮಿತಿ ಇತ್ತು. ಇವತ್ತು ಮಾಡಿದ್ದು ನಾಳೆಗೆ ಇರುತ್ತಿರಲಿಲ್ಲ. ಅದಕ್ಕೆ ಅಕ್ಕ ಇನ್ನೊಂದು ದಾರಿ ಹೇಳಿದರು. ಕಂಪ್ಯೂಟರಿನೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರನ್ನು ನಿಲ್ಲಿಸುವ ಒಂದು ತಂತ್ರಾಂಶ. ಅದಕ್ಕೆ ಬೇಕಾದ ಲಿನಕ್ಸ್ ಕಡತವನ್ನು ಅವರ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡೆವು. ಇಳಿದ ಕೂಡಲೇ ಹಾಕಿಬಿಡಬಹುದು ಎಂದುಕೊಂಡಿದ್ದೆ. ಅವರು ಬಿಡಲಿಲ್ಲ. ಆ ಕಡತಕ್ಕೆ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದು ಉದ್ದದ ಸಾಲು ಇರುತ್ತದಂತೆ, ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಕಲಸಿದ್ದು. ಮಾಡಿದವರು ತಮ್ಮ ತಾಣದಲ್ಲಿ ಹಾಕಿದ ಸಾಲಿಗೂ ನಮ್ಮಲ್ಲಿ ಬಂದ ಸಾಲಿಗೂ ಒಂದಕ್ಷರ ವ್ಯತ್ಯಾಸ ಇದ್ದರೂ ಮಧ್ಯದಲ್ಲಿ ಏನೋ ಆಗಿದೆ ಎಂದೇ ಅರ್ಥ. ನಾನು ಒಂದೊಂದೇ ಅಕ್ಷರ ಓದಿದೆ, ಅವರು ಬೆರಳಿಟ್ಟು ನೋಡಿದರು. ಅರ್ಧಕ್ಕೆ ಬಂದಾಗ, "ಇಷ್ಟು ಸರಿ ಇದೆಯಲ್ಲ ಅಕ್ಕ, ಸಾಕು," ಎಂದೆ.

"ಅರ್ಧ ಸರಿ ಇರೋ ಮನ್ಸನ್ನ ನಂಬ್ತೀಯಾ ನೀನು? ಓದು."

ಪೂರ್ತಿ ಓದಿದೆವು. ಸರಿ ಇತ್ತು. ನನಗಿಂತ ಹೆಚ್ಚು ಅನುಮಾನದ ಹೆಂಗಸು ಇವರು ಎಂದು ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ, ಕಳ್ಳರ ದಾರಿಯೆಲ್ಲ ಇಷ್ಟು ಚೆನ್ನಾಗಿ ಗೊತ್ತಿರುವುದು ಹೇಗೆ ಎಂದೂ ಅನ್ನಿಸಿತು.

ತಂದು ಹಾಕಿದರೂ ಆ ಸುಳ್ಳು ಕಂಪ್ಯೂಟರ್ ನಮ್ಮ ಸ್ಟುಡಿಯೋದಲ್ಲಿ ನಡೆಯಲಿಲ್ಲ. ನಮ್ಮದು ಹಳೆಯದು, ಎರಡು ಕಂಪ್ಯೂಟರಿನ ಭಾರ ಹೊರಲು ಆಗದೆ ಏದುಸಿರು ಬಿಟ್ಟಿತು. ಆಲ್ಬಮ್ ಮಾಡುತ್ತಿದ್ದ ನಮ್ಮವರು, "ಇದ್ಯಾಕೆ ಇವತ್ತು ಹಿಂಗೆ ಕುಂಟ್ತಾ ಅದೆ?" ಎಂದು ನನ್ನ ಮುಖ ನೋಡಿದರು. ಕಲಿಯುತ್ತಿರುವ ವಿಷಯ ಅವತ್ತು ಹೇಳಿಬಿಟ್ಟೆ. "ನೀನು ಕಲ್ತ್ಕೊ. ಬ್ಯಾಡ ಅನ್ನಲ್ಲ. ಆ ಫೋಟೋಗಳ ತಂಟೆಗೆ ಮಾತ್ರ ಓಗ್ಬ್ಯಾಡ ಕಣೆ," ಎಂದರು. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಶುರು ಮಾಡಿ ನೋಡುವ ಇನ್ನೊಂದು ದಾರಿಯೂ ಇದೆ, ಕಂಪ್ಯೂಟರಿನಲ್ಲಿರುವುದನ್ನು ಮುಟ್ಟುವ ಅಗತ್ಯವೇ ಇಲ್ಲ ಎಂದೆ. ಅದರಲ್ಲಿ ಮೊದಲಿಗೆ ಬರೇ ನೋಡುತ್ತೀರಾ ಅಥವಾ ಇರುವುದನ್ನು ಅಳಿಸಿ ಇದನ್ನೇ ಹಾಕಿಬಿಡಲೇ ಎಂದು ಎರಡು ಆಯ್ಕೆ ಬರುತ್ತದೆ ಎಂದೂ ಹೇಳಿದೆ. ಅದನ್ನು ಹೇಳಬಾರದಿತ್ತು. ಕೈತಪ್ಪಿ ಎರಡನೆಯದು ಒತ್ತಿದರೆ ಏನು ಗತಿ ಎಂದರು. ಪೆನ್‌ಡ್ರೈವ್ ಪಾಠ ಅಕ್ಕನ ಲ್ಯಾಪ್‌ಟಾಪಿನಲ್ಲೇ ಮುಗಿಯಿತು.

ಉಳಿದದ್ದು ಡಬ್ಲ್ಯುಎಸ್‌ಎಲ್ ಎನ್ನುವುದು. ವಿಂಡೋಸೇ ತನ್ನ ಮನೆಯೊಳಗೆ ಲಿನಕ್ಸಿಗೆ ಒಂದು ಕೋಣೆ ಬಿಟ್ಟುಕೊಡುವ ವ್ಯವಸ್ಥೆ. ಹಗುರ, ನಮ್ಮ ಕಂಪ್ಯೂಟರಿಗೆ ಆಗುತ್ತದೆ. ಇವರು ಗೋಪಾಲಸ್ವಾಮಿ ಬೆಟ್ಟದ ಕಡೆ ಯಾರದೋ ಫೋಟೋ ತೆಗೆಯಲು ಹೋಗಿದ್ದ ದಿನ, ಅಕ್ಕ ಬರೆದುಕೊಟ್ಟ ಚೀಟಿ ನೋಡಿಕೊಂಡು ನಾನೇ ಹಾಕಿದೆ. ಕೊನೆಯಲ್ಲಿ ಹೊಸ ಪಾಸ್‌ವರ್ಡ್ ಕೇಳಿತು. ಹೊಡೆದೆ. ಪರದೆಯ ಮೇಲೆ ಏನೂ ಮೂಡಲಿಲ್ಲ. ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ. ನಾನು ಹೊಡೆದ ಅಕ್ಷರಗಳು ಎಲ್ಲಿಗೆ ಹೋದವು? ಯಾರೋ ತೆಗೆದುಕೊಂಡರು ಎಂದುಕೊಂಡು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಅಕ್ಕನಿಗೆ ಫೋನ್ ಮಾಡಿದಾಗ, "ಲಿನಕ್ಸು ಪಾಸ್‌ವರ್ಡ್ ತೋರ್ಸಲ್ಲ ಕಣವ್ವ. ಎಷ್ಟಕ್ಷರ ಅಂತ ಪಕ್ಕದೋರ್ಗೂ ಗೊತ್ತಾಗ್ಬಾರ್ದು ಅಂತ," ಎಂದರು. ನಾನು ಹೂಂ ಎಂದೆ. ಪೂರ್ತಿ ನಂಬಲಿಲ್ಲ.

ಆದರೂ ಅದರಲ್ಲಿ ಕೈ ಕೂತಿತು. ಫೋಲ್ಡರ್ ಮಾಡುವುದು, ಖಾಲಿ ಕಡತ ಹುಟ್ಟಿಸುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಅಭ್ಯಾಸ ಎಂಬ ಹೆಸರಿನದೇ ಒಂದು ಫೋಲ್ಡರ್ ಮಾಡಿಕೊಂಡಿದ್ದೆ. ಒಂದು ವೀಡಿಯೋದಲ್ಲಿ ನೋಡಿ ಒಂದು ಅಡ್ಡದಾರಿಯನ್ನೂ ಕಲಿತೆ. ವಿಂಡೋಸಿನಲ್ಲಿ ಯಾವುದಾದರೂ ಫೋಲ್ಡರ್ ತೆರೆದಿರುವಾಗ ಮೇಲಿನ ಪಟ್ಟಿಯಲ್ಲಿ ಡಬ್ಲ್ಯುಎಸ್‌ಎಲ್ ಎಂದು ಹೊಡೆದರೆ ಸಾಕು, ಲಿನಕ್ಸ್ ತೆರೆದುಕೊಳ್ಳುತ್ತದೆ.

ಒಂದು ಶುಕ್ರವಾರ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ನಮ್ಮವರು ಕಂಪ್ಯೂಟರಿನ ಮುಂದೆ ಕೈ ಕಟ್ಟಿ ಕೂತಿದ್ದರು. ಆ ವಾರ ತೆಗೆದ ಒಂದು ಮದುವೆಯ ಫೋಲ್ಡರ್ ಖಾಲಿಯಾಗಿತ್ತು. ಫೋಲ್ಡರಿನ ಹೆಸರು ಇದೆ, ಒಳಗೆ ಒಂದೂ ಇಲ್ಲ. ಕ್ಯಾಮರಾದ ಕಾರ್ಡನ್ನು ಇನ್ನೊಂದು ಸಮಾರಂಭಕ್ಕೆಂದು ಆಗಲೇ ಅಳಿಸಿ ಬಳಸಿಯೂ ಆಗಿತ್ತು.

"ನೀ ಏನಾರ ಮಾಡುದ್ಯಾ?" ಎಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು.

"ನಾನು ಅದರ ಹತ್ತಿರಕ್ಕೂ ಹೋಗಿಲ್ಲ," ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಇವರು ಎದ್ದು ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಊಟಿ ಕಡೆಗೆ ಹೋಗುವ ಗಾಡಿಗಳನ್ನು ನೋಡುತ್ತ ತುಂಬ ಹೊತ್ತು ಅಲ್ಲೇ ನಿಂತಿದ್ದರು.

ನನಗೆ ಎಲ್ಲ ಒಂದೇ ಸಲಕ್ಕೆ ಅರ್ಥವಾದ ಹಾಗಾಯಿತು. ಆ ನೋಟ್‌ಬುಕ್ಕು. ಪುಕ್ಕಟೆ ಪಾಠ. ಕಾಣದ ಪಾಸ್‌ವರ್ಡು. ವಿಂಡೋಸಿನೊಳಗೆ ನಾನೇ ಕೈಯಾರೆ ಮಾಡಿಕೊಟ್ಟ ಆ ಕೋಣೆ. ಫೋನ್ ತೆಗೆದುಕೊಂಡು ಹಿಂದಿನ ಕತ್ತಲೆ ಕೋಣೆಗೆ ಹೋಗಿ ಅಕ್ಕನಿಗೆ ಮಾಡಿದೆ. ನಮಸ್ಕಾರವನ್ನೂ ಹೇಳಲಿಲ್ಲ.

"ನೀವು ನಮ್ಮ ಕಂಪ್ಯೂಟರ್ ಒಳಗೆ ಬಂದಿದ್ರಾ?"

"ಏನ್ ಓಯ್ತು?" ಎಂದರು.

ಹೇಳಿದೆ. ಹೇಳುವಾಗ ಸೇರಿಸಬಾರದ ಮಾತುಗಳನ್ನೂ ಸೇರಿಸಿದೆ. ನಿಮ್ಮನ್ನು ನಂಬಿ ಕೆಟ್ಟೆ ಎಂದೆ. ಎಲ್ಲ ಬರೆದಿಟ್ಟುಕೊಳ್ಳುವುದು ಇದಕ್ಕೇ ಏನು ಎಂದೆ. ನಾನು ನಿಲ್ಲಿಸಿದ ಮೇಲೆ, "ಕಂಪ್ಯೂಟರ್ ಮುಂದೆ ಕೂತ್ಕೊ. ಲಿನಕ್ಸ್ ತೆಗಿ. ಹಿಸ್ಟರಿ ಅಂತ ಹೊಡಿ," ಎಂದರು. ನೀನು ಈವರೆಗೆ ಹೊಡೆದ ಆಜ್ಞೆಗಳೆಲ್ಲ ಸಾಲಾಗಿ ಬರುತ್ತವೆ, ಕೆಳಗಿನಿಂದ ಮೇಲಕ್ಕೆ ಓದುತ್ತ ಹೋಗು ಎಂದರು.

ಓದಿದೆ. ಗುರುವಾರ ಮಾಡಿದ್ದೆಲ್ಲ ಅಲ್ಲಿತ್ತು. ಎಲ್ಲ ನನ್ನವೇ, ನನ್ನ ತಪ್ಪು ಸ್ಪೆಲ್ಲಿಂಗುಗಳ ಸಮೇತ. ಅವುಗಳ ನಡುವೆ ಒಂದು ಸಾಲು: ಈ ಜಾಗದಲ್ಲಿ ಇರುವುದನ್ನೆಲ್ಲ ಎತ್ತಿಕೊಂಡು ಹೋಗಿ ಅಭ್ಯಾಸದಲ್ಲಿ ಹಾಕು ಎನ್ನುವ ಆಜ್ಞೆ.

ಆಗ ನೆನಪಾಯಿತು. ಗುರುವಾರ ಇವರು ಫೋಟೋ ಕಾಪಿ ಮಾಡಿ ಫೋಲ್ಡರ್ ತೆರೆದಿಟ್ಟೇ ಎದ್ದು ಹೋಗಿದ್ದರು. ನಾನು ಆ ಅಡ್ಡದಾರಿಯಲ್ಲಿ ಅದೇ ಪಟ್ಟಿಯಲ್ಲಿ ಹೊಡೆದು ಲಿನಕ್ಸ್ ತೆರೆದಿದ್ದೆ. ಹಾಗೆ ತೆರೆದರೆ ಲಿನಕ್ಸ್ ನನ್ನ ಕೋಣೆಯಲ್ಲಿ ನಿಲ್ಲುವುದಿಲ್ಲ, ಆ ಫೋಲ್ಡರಿನಲ್ಲೇ ನಿಲ್ಲುತ್ತದೆ. ನಾನು ಎಲ್ಲಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ. ಖಾಲಿ ಕಡತಗಳನ್ನು ಸಾಗಿಸುತ್ತಿದ್ದೇನೆ ಎಂದುಕೊಂಡು ಒಂದು ಮದುವೆಯನ್ನೇ ಸಾಗಿಸಿದ್ದೆ. ಆ ಆಜ್ಞೆ ಮುಗಿಯಲು ಬಹಳ ಹೊತ್ತು ಹಿಡಿದಿತ್ತು. ಕಂಪ್ಯೂಟರ್ ಹಳೆಯದು ಎಂದು ಬೈದುಕೊಂಡು ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗಿದ್ದೆ.

"ಸಿಕ್ತಾ?" ಎಂದರು ಅಕ್ಕ.

ಆ ಸಾಲನ್ನು ಓದಿ ಹೇಳಿದೆ. ಅವರು ಒಂದೊಂದೇ ಅಕ್ಷರ ಹೇಳಿದರು, ನಾನು ಹೊಡೆದೆ. ಅಭ್ಯಾಸ ಫೋಲ್ಡರಿಗೆ ಹೋಗಿ, ಅಲ್ಲಿಂದ ವಿಂಡೋಸಿನ ಕಿಟಕಿಯನ್ನೇ ತೆರೆಸುವ ಒಂದು ಆಜ್ಞೆ, ಕೊನೆಯಲ್ಲಿ ಒಂದು ಚುಕ್ಕಿ. ಕಿಟಕಿ ತೆರೆಯಿತು. ಮದುಮಗಳು, ಮದುಮಗ, ಸೋದರಮಾವ, ಸಾಲುಸಾಲಾಗಿ ಊಟಕ್ಕೆ ಕೂತವರು, ಎಲ್ಲರೂ ಅಲ್ಲಿದ್ದರು. ಇಲ್ಲದ ಕಳ್ಳಕೈಯೊಂದನ್ನು ನಾನು ಹುಡುಕುತ್ತಿದ್ದಾಗ ಅವರೆಲ್ಲ ನನ್ನದೇ ಫೋಲ್ಡರಿನಲ್ಲಿ ಕೂತಿದ್ದರು.

"ಸಾಗ್ಸೋಕೆ ಓಗ್ಬ್ಯಾಡ. ಮೊದ್ಲು ಕಾಪಿ ಮಾಡು. ಎಲ್ಲ ಬಂತು ಅಂತ ನೋಡ್ಕೊಂಡು ಆಮ್ಯಾಕೆ ಅಳ್ಸು," ಎಂದು ಹೇಳಿ ಅಕ್ಕ ಫೋನ್ ಇಟ್ಟರು. ಕ್ಷಮಿಸಿ ಎಂದು ಹೇಳಲು ನನಗೆ ಸಮಯ ಸಿಗಲಿಲ್ಲ. ಸಿಕ್ಕಿದ್ದರೂ ಆಗ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಯಜಮಾನರಿಗೆ ಅವತ್ತು ಅರ್ಧ ಹೇಳಿದೆ. ಬೇರೆ ಕಡೆ ಸೇರಿಕೊಂಡಿದ್ದವು, ಸಿಕ್ಕವು ಎಂದೆ. ಸೇರಿಕೊಂಡಿದ್ದವು ಎಂದರೆ ತಾವಾಗಿಯೇ ನಡೆದುಕೊಂಡು ಹೋದ ಹಾಗೆ. ಇವರು ಉಸಿರು ಬಿಟ್ಟು ಕೆಲಸಕ್ಕೆ ಕೂತರು. ಕಾರ್ಡಿನಿಂದ ತಾವೇ ಸರಿಯಾಗಿ ಕಾಪಿ ಮಾಡಿಕೊಂಡಿರಲಿಲ್ಲವೇನೋ ಎಂದು ತಮ್ಮನ್ನೇ ಅನುಮಾನಿಸಿಕೊಳ್ಳುತ್ತಿದ್ದುದು ಸಂಜೆ ಮಾತಿನಲ್ಲಿ ತಿಳಿಯಿತು. ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ. ಮರುದಿನ ತಿಂಡಿಯ ಹೊತ್ತಿಗೆ ಪೂರ್ತಿ ಹೇಳಿದೆ. ಇವರು ತಟ್ಟೆಯಿಂದ ತಲೆ ಎತ್ತದೆ ಕೇಳಿದರು. ಆಮೇಲೆ ಹೋಗಿ ಹೊರಗಿನ ಹಾರ್ಡ್‌ಡಿಸ್ಕ್ ಒಂದಕ್ಕೆ ಫೋಟೋಗಳನ್ನೆಲ್ಲ ಕಾಪಿ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಎಲ್ಲಿದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಭಾನುವಾರ ಚಾಮರಾಜನಗರಕ್ಕೆ ಹೋದೆ. ಬಾಗಿಲು ತೆಗೆಯುವುದಿಲ್ಲವೇನೋ ಎಂದುಕೊಂಡಿದ್ದೆ. ತೆಗೆದರು. ಕೂರಿಸಿ ನೀರು ಕೊಟ್ಟರು. ತಪ್ಪಾಯಿತು ಅಕ್ಕ ಎಂದೆ. ಅವರು ಆ ನೋಟ್‌ಬುಕ್ ತಂದು ನನ್ನ ತೊಡೆಯ ಮೇಲಿಟ್ಟರು.

ಮೊದಲ ಪುಟದಲ್ಲಿ ನನ್ನ ಊರು, ಕೆಲಸ, ಕಂಪ್ಯೂಟರಿನ ವಿವರ. ಅದರ ಕೆಳಗೆ ಒಂದು ಸಾಲಿಗೆ ಗೆರೆ ಎಳೆದಿತ್ತು: ಯಾರಿಗೂ ಗೊತ್ತಾಗದ ಹಾಗೆ ಕಲಿಯಬೇಕಂತೆ, ಯಾಕೆ?

"ನಾನೂ ನಿನ್ ಮ್ಯಾಲೆ ಅನುಮಾನ ಪಟ್ಟಿದ್ದೆ ಕಣವ್ವ," ಎಂದರು. "ಗಂಡನ ಮೊಬೈಲ್‌ಗೋ ಇನ್ಯಾರ್ದೋ ಬ್ಯಾಂಕ್‌ಗೋ ಕೈ ಹಾಕೋಕೆ ಬಂದಿದ್ದೀಯೇನೋ ಅಂತ. ನಾಳೆ ಪೊಲೀಸ್ನೋರು ಬಂದು ಇವ್ಳಿಗೆ ಏನ್ ಹೇಳ್ಕೊಟ್ಟೆ ಅಂತ ಕೇಳುದ್ರೆ ತೋರ್ಸಕೆ ಬೇಕಲ್ಲ, ಅದ್ಕೆ ತಾರೀಕು ಹಾಕಿ ಬರೀತಿದ್ದೆ."

"ಮತ್ತೆ ಯಾಕೆ ಹೇಳಿಕೊಟ್ಟಿರಿ?"

"ಎಕ್ಸ್‌ಚೇಂಜ್ ಬುಟ್ಟ ಮ್ಯಾಲೆ ಇದ್ರ ಬಗ್ಗೆ ಮಾತಾಡೋಕೆ ಒಬ್ರೂ ಸಿಕ್ಕಿರ್ಲಿಲ್ಲ," ಎಂದರು. ನಂತರ, "ಫೋನ್‌ನಾಗೆ ನೀ ಆಡಿದ್ ಮಾತು ಚೆನ್ನಾಗಿರ್ಲಿಲ್ಲ," ಎಂದರು. ಹೌದು ಎಂದೆ. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ಅವತ್ತು ಕಡತಗಳ ಅನುಮತಿಯ ಪಾಠ ನಡೆಯಿತು: ಯಾರು ಓದಬಹುದು, ಯಾರು ಬರೆಯಬಹುದು. ಅವರು ಅದನ್ನೂ ತಾರೀಕು ಹಾಕಿ ಬರೆದುಕೊಂಡರು. ಈ ಸಲ ನಾನು ಬಗ್ಗಿ ನೋಡಿದಾಗ ಮುಚ್ಚಲಿಲ್ಲ, ಅಷ್ಟೇ.

ಕಾಲೇಜಿಗೆ ಹೊಸ ಕಂಪ್ಯೂಟರ್‌ಗಳು ಬಂದವು. ನನ್ನ ಜಾಗಕ್ಕೆ ಯಾರನ್ನೂ ನೋಡಿಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಅವುಗಳ ಪೆಟ್ಟಿಗೆ ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಲು ಕೂಡ ಯಾರೂ ಬರಲಿಲ್ಲ. ಎರಡು ಯಂತ್ರ ಹಟ ಮಾಡಿದವು. ಪರದೆಯ ಮೇಲೆ ಬಂದ ತಪ್ಪಿನ ಸಾಲುಗಳನ್ನು ಒಂದೊಂದಾಗಿ ಓದಿ, ಅಕ್ಕನಿಗೆ ಒಂದೇ ಒಂದು ಸಲ ಫೋನ್ ಮಾಡಿ, ಸರಿ ಮಾಡಿದೆ.

ಮೊನ್ನೆ ಮೊನ್ನೆ, ಒಂದು ಮಧ್ಯಾಹ್ನ, ಇವರು ಒಂದು ಮದುವೆಯ ಫೋಟೋಗಳಿಗೆಲ್ಲ ಒಂದೊಂದಾಗಿ ಹೆಸರು ಬದಲಿಸುತ್ತ ಕೂತಿದ್ದರು. ಕ್ಯಾಮರಾ ಕೊಟ್ಟ ನಂಬರು ತೆಗೆದು ಮದುಮಕ್ಕಳ ಹೆಸರು ಹಾಕುವುದು. ಲಿನಕ್ಸಿನಲ್ಲಿ ಒಂದೇ ಸಾಲಿನಲ್ಲಿ ಆಗುತ್ತದೆ ಎಂದೆ. ಅವರು ಹೆಸರು ಬದಲಿಸುತ್ತಲೇ ಹೋದರು. ಇನ್ನೂ ಇಪ್ಪತ್ತು ಫೋಟೋ ಆದ ಮೇಲೆ ಎದ್ದು ಕುರ್ಚಿ ನನಗೆ ಬಿಟ್ಟುಕೊಟ್ಟು ನನ್ನ ಹಿಂದೆ ನಿಂತರು.

"ಮೊದ್ಲು ಕಾಪಿ ಮಾಡ್ಕೊ."

ಮಾಡಿಕೊಂಡೆ.

"ಎಷ್ಟವೆ ಎಣ್ಸು."

ಎಣಿಸುವ ಆಜ್ಞೆ ಹೊಡೆದೆ. ಬಂದ ಸಂಖ್ಯೆಯನ್ನು ಇವರು ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡರು. ನಾನು ಹೆಸರು ಬದಲಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಇವರ ಕೈ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು.

"ಈಗ ಎಣ್ಸು."

ಎಣಿಸಿದೆ. ಚೀಟಿಯಲ್ಲಿದ್ದ ಸಂಖ್ಯೆಯೇ ಬಂತು.

"ಇನ್ನೊಂದ್ಸಲ," ಎಂದರು. ಇನ್ನೊಂದು ಸಲ ಎಣಿಸಿದೆ. ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಲು ಒಬ್ಬರು ಬಾಗಿಲಿಗೆ ಬಂದರು. ಇವರು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಲೈಟು ಹಾಕಲು ಒಳಗೆ ಹೋದರು.